ಬಗ್ಗಬಾರದ ಅಕ್ಕನ ಜೊತೆ ಮಸ್ಕತ್ತಿನಲ್ಲಿ

ಗುಂಡ್ಲುಪೇಟೆ

ಕೆಲಸಕ್ಕೆ ಸೇರಿದಾಗಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದವನು ನಾನು. ಚಾಮರಾಜನಗರದಿಂದ ಗುಂಡ್ಲುಪೇಟೆ, ಅಲ್ಲಿಂದ ಕಾಡು ದಾಟಿ ಸುಲ್ತಾನ್ ಬತ್ತೇರಿ, ಮತ್ತೆ ವಾಪಸ್ಸು. ಕಂಡಕ್ಟರನಿಗೆ ಕಿಟಕಿ ಪಕ್ಕದ ಸೀಟು ಯಾರೂ ಬಿಟ್ಟುಕೊಡುವುದಿಲ್ಲ. ನನಗೆ ಅದು ಸಿಕ್ಕಿದ್ದು ಮಸ್ಕತ್ತಿಗೆ ಹೋಗುವ ವಿಮಾನದಲ್ಲಿ, ಅದೂ ಹೊರಗೆ ನೋಡುವ ಮನಸ್ಸೇ ಇಲ್ಲದ ದಿನ.

ಮಸ್ಕತ್ತಿನಲ್ಲಿದ್ದವಳು ನನ್ನ ಅಕ್ಕ ಮಾದೇವಮ್ಮ. ಬಾವ ತೀರಿಕೊಂಡ ಮೇಲೆ ನಮ್ಮೂರು ಭೀಮನಬೀಡಿಗೇ ಬಂದು, ಕೂಲಿಗೆ ಹೋಗಿ ಕಾಲ ಹಾಕುತ್ತಿದ್ದಳು. ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಮಲಯಾಳಿ ಮನೆಯವರು, ಮಸ್ಕತ್ತಿನಲ್ಲಿ ಶಾಲೆಯ ಟೀಚರಾಗಿರುವ ತಮ್ಮ ಮಗಳು ರೀನಾಳ ಮಕ್ಕಳನ್ನು ನೋಡಿಕೊಳ್ಳಲು ಅವಳನ್ನು ಕಳಿಸಿದರು. ಅಲ್ಲಿ ಚೆನ್ನಾಗಿಯೇ ಇದ್ದಳು. ಫೋನಿನಲ್ಲಿ ನನ್ನನ್ನು ಬಯ್ಯುವಾಗ ನಡುವೆ ಎರಡು ಅರಬ್ಬಿ ಮಾತು ಸೇರಿಸುವಷ್ಟು ಚೆನ್ನಾಗಿದ್ದಳು.

ಒಂದು ದಿನ ರೀನಾ ಚೇಚಿಯೇ ಫೋನು ಮಾಡಿದರು; ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಅಕ್ಕ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆಯುತ್ತಾಳೆ, ಪಕ್ಕದಲ್ಲಿ ಬಂದು ನಿಂತ ಮಗು ಅವಳಿಗೆ ಕಾಣುವುದಿಲ್ಲ, ಲೋಟದ ಪಕ್ಕಕ್ಕೆ ಚಹಾ ಸುರಿಯುತ್ತಾಳೆ. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದಳಂತೆ. ಸ್ಕ್ಯಾನು ಮಾಡಿಸಿದರೆ ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ನೆಲ್ಲಿಕಾಯಿಯಷ್ಟು ಗಡ್ಡೆ. ಅದು ಕಣ್ಣಿನ ನರವನ್ನು ಕೆಳಗಿನಿಂದ ಒತ್ತುತ್ತಿದೆ. ಎರಡೂ ಪಕ್ಕದ ನೋಟ ಹೋಗಿದೆ, ತಡ ಮಾಡಿದರೆ ನಡುವಿನದೂ ಹೋಗುತ್ತದೆ, ಇಲ್ಲೇ ಬೇಗ ತೆಗೆಸಿಬಿಡೋಣ ಅಂದರು. ತಲೆ ಕೊಯ್ಯುವುದಿಲ್ಲವಂತೆ, ಮೂಗಿನ ಹೊಳ್ಳೆಯೊಳಗಿಂದಲೇ ತೆಗೆಯುತ್ತಾರಂತೆ.

ಅಕ್ಕ ಫೋನು ಕಿತ್ತುಕೊಂಡಳು. "ಮೂಗಿಂದ ನೆಗಡಿ ಬರೋದ ನೋಡಿವ್ನಿ ಕಣ್ಲಾ, ಗಡ್ಡೆ ಬರೋದ ನೋಡಿಲ್ಲ. ತವರೋರು ಒಬ್ರು ಬಂದು ಪಕ್ಕದಲ್ಲಿ ನಿಲ್ಲೋ ಗಂಟ ನಾನು ಮಂಚ ಅತ್ತಲ್ಲ."

ಅಲ್ಲಿಗೆ ನನ್ನ ಪ್ರವಾಸ ನಿಗದಿಯಾಯಿತು. ಡಿಪೋದಲ್ಲಿ ನನ್ನ ಜೊತೆಯ ಡ್ರೈವರು ರಜೆ ಚೀಟಿ ನೋಡಿ, "ವಿಮಾನದಲ್ಲಿ ರೈಟ್ ರೈಟ್ ಅಂದ್ಬುಟ್ಟೀಯೆ, ಉಸಾರು" ಎಂದು ನಗಿಸಲು ನೋಡಿದ. ಅವ್ವ ನಗಲಿಲ್ಲ. ನಮ್ಮ ಮನೆಯಲ್ಲೇ ಇರುವ ಅವ್ವ, ಬೀದಿ ಬಾಗಿಲವರೆಗೆ ಬಂದು ನನ್ನ ಅಂಗಿಯ ಗುಂಡಿ ಸರಿ ಮಾಡುತ್ತಾ ಹೇಳಿದಳು: "ಬರೀ ಅವಳ್ನ ಕರ್ಕಂಡು ಬಂದ್ರೆ ಸಾಲ್ದು ಕಣ್ಲಾ. ಅವಳ ಕಣ್ಣ ಕರ್ಕಂಡು ಬಾ."

ಮಸ್ಕತ್ತು

ವಿಮಾನ ನೆಲ ಮುಟ್ಟಿ ಇನ್ನೂ ಓಡುತ್ತಿರುವಾಗಲೇ ಜನ ಎದ್ದು ಬ್ಯಾಗಿಗೆ ಕೈ ಹಾಕಿದರು. ನನಗೇ ಗೊತ್ತಿಲ್ಲದೆ, "ಕೂತ್ಕೊಳಿ, ನಿಲ್ಲೋ ಗಂಟ ಯಾರೂ ಏಳ್ಬೇಡಿ" ಎಂದು ಗದರಿಬಿಟ್ಟೆ. ಮೂರು ಸಾಲಿನ ಜನ ಕನ್ನಡ ಬಾರದಿದ್ದರೂ ಕೂತರು. ಗಗನಸಖಿ ನನಗೆ ಕೈಮುಗಿಯುವುದೊಂದು ಬಾಕಿ.

ಊರು ಸ್ವಚ್ಛ, ಬಿಳಿ, ಬಿಸಿ. ಸುತ್ತ ಬೆಟ್ಟಗಳು, ಆದರೆ ಒಂದು ಗಿಡವಿಲ್ಲ. ಬಂಡೀಪುರದ ಕಾಡಿನಲ್ಲಿ ದಿನಾ ಓಡಾಡುವ ನನಗೆ ಅವನ್ನು ನೋಡಿದರೆ, ಯಾರೋ ಬೆಟ್ಟದ ಬಟ್ಟೆ ಬಿಚ್ಚಿಟ್ಟಂತೆ ಸಂಕೋಚವಾಗುತ್ತಿತ್ತು. ರಸ್ತೆ ದಾಟಲು ನಿಂತರೆ ಕಾರು ನಿಂತುಬಿಡುತ್ತದೆ. ನಾನು ಕಾರು ಹೋಗಲಿ ಎಂದು ನಿಂತೆ, ಅವನು ನಾನು ಹೋಗಲಿ ಎಂದು ನಿಂತ. ಕೊನೆಗೆ ಅವನೇ ಕಿಟಕಿ ಇಳಿಸಿ, ಬಲಗೈಯನ್ನು ಎದೆಯ ಮೇಲಿಟ್ಟು, ದಯಮಾಡಿ ದಾಟಪ್ಪ ಎಂಬಂತೆ ತಲೆ ಆಡಿಸಿದ. ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರು ಯಾರಾದರೂ ಹೀಗೆ ಕಾರು ನಿಲ್ಲಿಸಿದರೆ ಹಿಂದಿನವರು ಇಳಿದು ಬಂದು ವಿಚಾರಿಸುತ್ತಾರೆ.

ರೀನಾ ಚೇಚಿಯ ಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎದುರಿಗೆ ಬಂದವನನ್ನು ತಕ್ಷಣ ಗುರುತು ಹಿಡಿದು, "ಎಷ್ಟು ಸೊರಗಿದೀಯಲ್ಲೋ" ಎಂದು ಕೆನ್ನೆ ಸವರಿದಳು. ನನಗೆ ಜೀವ ಬಂದಂತಾಯಿತು. ಕಣ್ಣು ಚೆನ್ನಾಗಿದೆಯಲ್ಲ, ಏನೋ ತಪ್ಪು ತಿಳಿದಿದ್ದಾರೆ ಅಂದುಕೊಂಡೆ. ಒಳಗೆ ಹೋಗುವಾಗ ಅವಳ ಎಡಕ್ಕೆ ಸರಿದು, ಅವಳ ಕಣ್ಣಿನ ಪಕ್ಕಕ್ಕೆ ಎರಡು ಬೆರಳು ಎತ್ತಿ ಹಿಡಿದೆ. ಅಕ್ಕ ಮಾತಾಡುತ್ತಲೇ ಇದ್ದಳು. ಬೆರಳು ಆಡಿಸಿದೆ. ಅವ್ವನ ಮಂಡಿ ನೋವಿನ ಬಗ್ಗೆ ಕೇಳುತ್ತಲೇ ಇದ್ದಳು. ನಾನು ಪಕ್ಕದಲ್ಲಿದ್ದೇನೆಂದೇ ಅವಳಿಗೆ ಗೊತ್ತಾಗದೆ, ಖಾಲಿ ಎದುರಿಗೆ ನೋಡುತ್ತಾ, "ಎಲ್ಲಿ ಓದ್ಯೋ?" ಎಂದಳು.

ಬಸ್ಸಿನ ಎರಡೂ ಪಕ್ಕದ ಕನ್ನಡಿ ಕಿತ್ತುಹಾಕಿ ಓಡಿಸು ಎಂದರೆ ಹೇಗಿರುತ್ತದೋ, ಅಕ್ಕ ಹಾಗೆ ಬದುಕುತ್ತಿದ್ದಳು. ನಾನು ಕೈ ಇಳಿಸಿದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ಅತ್ತೆ.

ಆಸ್ಪತ್ರೆ

ದೊಡ್ಡ ಡಾಕ್ಟರು ಒಮಾನಿನವರೇ. ಎತ್ತರದ ಆಳು, ಮೆಲ್ಲಗಿನ ಮಾತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶೀಬಾ ಎಂಬ ಮಲಯಾಳಿ ನರ್ಸು ನನಗೆ ಮಲಯಾಳದಲ್ಲಿ ಹೇಳುತ್ತಿದ್ದರು. ಅಕ್ಕನಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಡಾಕ್ಟರು ಬಾಯಿ ತೆರೆದ ಕೂಡಲೇ ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡು, "ನಂಗೇಳ್ಬ್ಯಾಡಿ, ಅವನಿಗೇಳಿ" ಎಂದುಬಿಡುತ್ತಿದ್ದಳು. ನನ್ನದೋ ಬಸ್ಸಿನ ಮಲಯಾಳ. ಮುಂದೆ ಹೋಗಿ, ಚಿಲ್ಲರೆ ಕೊಡಿ, ಬಾಗಿಲಲ್ಲಿ ನಿಲ್ಲಬೇಡಿ, ಬತ್ತೇರಿ ಬಂತು ಇಳಿಯಿರಿ. ಇಷ್ಟನ್ನು ಇಟ್ಟುಕೊಂಡು ಮೆದುಳಿನ ವಿಷಯ ಮಾತಾಡಬೇಕಿತ್ತು. ಗಡ್ಡೆ ತೆಗೆದ ಮೇಲೆ ಇನ್ನೊಂದು ಬರುತ್ತದೆಯೇ ಎಂದು ಕೇಳಲು ಹೋಗಿ, ಮುಂದಿನ ಗಾಡಿ ಎಷ್ಟೊತ್ತಿಗೆ ಎನ್ನುವ ಹಾಗೆ ಕೇಳಿದೆ. ಶೀಬಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ತಲೆಬುರುಡೆ ಇತ್ತು. ಡಾಕ್ಟರು ಪೆನ್ಸಿಲಿಗಿಂತ ತೆಳುವಾದ ಕ್ಯಾಮೆರಾ ಕೊಳವೆಯನ್ನು ಅದರ ಮೂಗಿನ ತೂತಿನಲ್ಲಿ ತೂರಿಸಿ ತೋರಿಸಿದರು. ಮೂಗಿನ ಸೂರೇ ಮೆದುಳಿನ ನೆಲವಂತೆ. ನಡುವೆ ಇರುವ ಮೂಳೆ ಮೊಟ್ಟೆಯ ಓಡಿನಷ್ಟು ತೆಳು. ಅದರಲ್ಲಿ ಕಿಂಡಿ ಕೊರೆದು ಗಡ್ಡೆಯನ್ನು ಚೂರು ಚೂರಾಗಿ ತೆಗೆಯುತ್ತಾರೆ. ಆಮೇಲೆ ಅಕ್ಕನ ತೊಡೆಯಿಂದಲೇ ಚೂರು ಕೊಬ್ಬು ತೆಗೆದು ಕಿಂಡಿಗೆ ತುಂಬಿ, ಮೂಗಿನ ಒಳಚರ್ಮವನ್ನೇ ಎಳೆದು ಮೇಲೆ ಹೊದಿಸುತ್ತಾರೆ. ಮೆದುಳು ನೀರಿನಲ್ಲಿ ತೇಲುತ್ತಿರುತ್ತದೆಯಂತೆ. ಆ ಮುಚ್ಚಳ ಸಡಿಲವಾದರೆ ಆ ನೀರು ಮೂಗಿನಿಂದ ತೊಟ್ಟಿಕ್ಕುತ್ತದೆ, ಮೂಗಿನ ಕೊಳೆ ಮೆದುಳಿಗೆ ಹತ್ತುತ್ತದೆ. ಆಗ ಮತ್ತೆ ಆಪರೇಷನ್ನು, ಜೀವಕ್ಕೂ ಅಪಾಯ.

"ಮುಚ್ಚಳ ಕಚ್ಚಿಕೊಳ್ಳುವವರೆಗೆ ಬಗ್ಗಬಾರದು," ಎಂದು ಶೀಬಾ ಒಂದೊಂದೇ ಬೆರಳು ಮಡಿಸಿದರು. ಭಾರ ಎತ್ತಬಾರದು. ಮೂಗು ಸೀಟಬಾರದು. ತಿಣುಕಬಾರದು. ಸೀನು ಬಂದರೆ ತಡೆಯದೆ, ಬಾಯಿ ಅಗಲಿಸಿ ಸೀನಬೇಕು.

"ಅಂಗಾರೆ ನಾನು ಬದುಕಿದ್ದು ಏನ್ ಮಾಡ್ಬೇಕಂತೆ?" ಎಂದು ಅಕ್ಕ ಕಿವಿ ಮುಚ್ಚಿದ್ದ ಸೆರಗು ತೆಗೆದು ಕೇಳಿದಳು. ಎಲ್ಲಾ ಕೇಳಿಸಿಕೊಂಡಿದ್ದಳು.

ಕಾಯುವ ಕೋಣೆ

ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಬೆಳಿಗ್ಗೆ ನನ್ನ ಪಕ್ಕ ಒಬ್ಬ ಒಮಾನಿ ಅಜ್ಜ ಕೂತಿದ್ದರು. ಬಿಳಿ ನಿಲುವಂಗಿ, ಕಸೂತಿ ಟೋಪಿ, ಕೈಯಲ್ಲಿ ಫ್ಲಾಸ್ಕು. ಅವರ ಹೆಂಡತಿಯೂ ಒಳಗಿದ್ದರು ಎಂದು ಬಾಗಿಲ ಕಡೆ ಕೈ ತೋರಿಸಿದಾಗ ತಿಳಿಯಿತು. ಹಿಡಿಕೆ ಇಲ್ಲದ ಪುಟ್ಟ ಬಟ್ಟಲಿಗೆ ಹಾಲಿಲ್ಲದ ಏಲಕ್ಕಿ ಕಾಫಿ ಬಗ್ಗಿಸಿ, ಖರ್ಜೂರದ ಜೊತೆ ನನಗೆ ಕೊಟ್ಟರು. ಕುಡಿದೆ. ಮತ್ತೆ ತುಂಬಿದರು. ಬೇಡ ಅನ್ನಲು ಮಾತು ಬಾರದು, ಸುಮ್ಮನೆ ಬಟ್ಟಲು ಹಿಂದಕ್ಕೆ ನೀಡಿದೆ. ನೀಡಿದ್ದೇ ತಪ್ಪಾಯಿತು, ಮತ್ತೆ ತುಂಬಿತು. ನಮ್ಮೂರಲ್ಲಿ ಬೀಗರ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಡಿಸುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡು ಕುಡಿದೇ ಕುಡಿದೆ. ಮೊದಲೇ ಹೆದರಿಕೆಗೆ ಹೊಡೆದುಕೊಳ್ಳುತ್ತಿದ್ದ ಎದೆ, ಕಾಫಿಗೆ ಇನ್ನಷ್ಟು ಹೊಡೆದುಕೊಂಡಿತು. ನನ್ನ ಹಣೆಯ ಬೆವರು ನೋಡಿ ಅಜ್ಜನಿಗೆ ಅರ್ಥವಾಯಿತು. ನನ್ನ ಮಣಿಕಟ್ಟು ಹಿಡಿದು, ಖಾಲಿ ಬಟ್ಟಲನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಿದರು. ಸಾಕು ಅನ್ನಲು ಅಲ್ಲಿ ಹಾಗೆ ಅಲ್ಲಾಡಿಸಬೇಕಂತೆ. ಆ ಹೊತ್ತಿನಲ್ಲೂ ಇಬ್ಬರೂ ನಕ್ಕೆವು. ನಕ್ಕ ಮೇಲೆ ಮತ್ತೆ ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು.

ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದರು. ಗಡ್ಡೆ ಹೊರಗೆ ಬಂದಿದೆ, ಮುಚ್ಚಳ ಚೆನ್ನಾಗಿ ಕೂತಿದೆ. ನರ ತುಂಬಾ ದಿನ ಒತ್ತಿಸಿಕೊಂಡಿತ್ತು, ಪಕ್ಕದ ನೋಟ ಬಂದರೆ ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು. ಆ ಕೊನೆಯ ಮಾತನ್ನು ಶೀಬಾ ನೆಲ ನೋಡಿಕೊಂಡು ಹೇಳಿದರು.

ಅಕ್ಕನಿಗೆ ಎಚ್ಚರವಾದಾಗ ಮೊದಲು ಮಾಡಿದ ಕೆಲಸ ತಲೆ ಮುಟ್ಟಿ ನೋಡಿಕೊಂಡದ್ದು. "ಒಂದು ಕೂದ್ಲೂ ತೆಗ್ದಿಲ್ಲ. ನಿಜವಾಗ್ಲೂ ಮಾಡುದ್ರೇನ್ಲಾ?" ಎಂದು ಮೂಗಿನಲ್ಲಿ ಹತ್ತಿ ತುಂಬಿದ್ದ ದನಿಯಲ್ಲಿ ಕೇಳಿದಳು. "ತಲೆ ಏನೂ ನೋಯ್ತಿಲ್ಲ. ತೊಡೆ ಉರಿತಾ ಅದೆ. ಎಲ್ಲಿಗೋ ಕುಯ್ಯಕೋಗಿ ಎಲ್ಲಿಗೋ ಕುಯ್ದವ್ರೆ."

ನಾನು ಮಂಚದ ಎಡಕ್ಕೆ ಹೋಗಿ ಎರಡು ಬೆರಳು ಎತ್ತಿದೆ. ಅವಳು ಸೂರು ನೋಡುತ್ತಿದ್ದಳು.

ಕುರ್ಚಿ

ಆಮೇಲಿನ ದಿನಗಳಲ್ಲಿ ನಾನು ಅಕ್ಕನ ಬೆನ್ನಿಗೆ ಬಿದ್ದ ಭೂತವಾದೆ. ಚಪ್ಪಲಿ ಕಾಲಿನಿಂದ ಜಾರಿದರೆ, ಬಸ್ಸು ನಿಲ್ಲಿಸುವ ಹಾಗೆ "ಹೋಲ್ಡಾನ್" ಅನ್ನುತ್ತಿದ್ದೆ. ಬಾಚಣಿಗೆ ಬಿದ್ದರೆ "ಹೋಲ್ಡಾನ್". ಮೂಗಿನ ಹತ್ತಿ ತೆಗೆದು ಉಪ್ಪುನೀರಿನಲ್ಲಿ ತೊಳೆಯಲು ಶುರು ಮಾಡಿದ ಮೇಲಂತೂ ನನ್ನ ಕಾಟ ಹೆಚ್ಚಾಯಿತು. ಶೀಬಾ ಕೂಡ "ಹೋಲ್ಡಾನ್" ಕಲಿತರು. "ಈ ಕಂಡಕ್ಟ್ರು ಕೈಲಿ ಸಾಕಾಗದೆ ಕಣಮ್ಮಿ" ಎಂದು ಅಕ್ಕ ಅವರ ಹತ್ತಿರ ಕನ್ನಡದಲ್ಲೇ ದೂರು ಹೇಳುತ್ತಿದ್ದಳು.

ಮನೆಗೆ ಕಳಿಸುವ ದಿನ ಬೆಳಿಗ್ಗೆ ಮೂಗು ತೊಳೆದು, ಹೊಸ ಸೀರೆ ಉಟ್ಟು, ಅಕ್ಕ ಮಂಚದ ಪಕ್ಕ ನಿಂತಿದ್ದಳು. ಡಾಕ್ಟರು ಬಂದು, ಎಲ್ಲಾ ಸರಿಯಿದೆ, ಹೊರಡಬಹುದು ಎಂದರು. ಅಕ್ಕನ ಕಣ್ಣು ತುಂಬಿತು. ಸೆರಗು ಹೊದ್ದಳು. ಅವಳು ಏನು ಮಾಡಲಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ತಡೆಯಲಿಲ್ಲ. ತಡೆಯುವುದಿರಲಿ, ಇಬ್ಬರ ನಡುವೆ ಅಡ್ಡವಾಗಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟವನು ನಾನೇ.

ಅಕ್ಕ ಡಾಕ್ಟರ ಕಾಲಿಗೆ ಬಿದ್ದಳು.

ಬಗ್ಗುವುದು ಬೇರೆ, ಕಾಲಿಗೆ ಬೀಳುವುದು ಬೇರೆ. ಬಾಚಣಿಗೆ ಎತ್ತಿಕೊಳ್ಳುವುದು ಬಗ್ಗುವುದು, ಬಕೆಟ್ಟು ಎತ್ತುವುದು ಬಗ್ಗುವುದು. ದೊಡ್ಡವರ ಕಾಲು ಮುಟ್ಟುವುದನ್ನು ಬಗ್ಗುವುದು ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅಂದುಕೊಂಡವರಲ್ಲ. ಡಾಕ್ಟರು ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹಾರಿದರು. "ಲಾ, ಲಾ!" ಎಂದು ಕೂಗಿ ಅಕ್ಕನ ಎರಡೂ ಭುಜ ಹಿಡಿದು ಮೇಲಕ್ಕೆತ್ತಿದರು. ಅರಬ್ಬಿಯಲ್ಲಿ ಲಾ ಎಂದರೆ ಬೇಡ, ಅಷ್ಟು ನನಗೂ ಗೊತ್ತಾಗಿತ್ತು. ಅಕ್ಕ ತಲೆ ಎತ್ತಿದಾಗ ಅವಳ ಮೂಗಿನ ತುದಿಯಿಂದ ಒಂದು ತೊಟ್ಟು, ಅದರ ಹಿಂದೆ ಇನ್ನೊಂದು, ಡಾಕ್ಟರ ಬೂಟಿನ ಮೇಲೆ ಬಿತ್ತು. ಬಣ್ಣವಿಲ್ಲದ, ತಿಳಿಯಾದ ನೀರು.

ಶೀಬಾ ಪುಟ್ಟ ಸೀಸೆ ತಂದು ಮೂರನೆಯ ತೊಟ್ಟನ್ನು ಅದರಲ್ಲಿ ಹಿಡಿದರು. ಅದು ಮೆದುಳಿನ ನೀರೋ, ಬೆಳಿಗ್ಗೆ ತೊಳೆದ ಉಪ್ಪುನೀರು ಒಳಗೆಲ್ಲೋ ನಿಂತಿದ್ದು ಈಗ ಇಳಿಯಿತೋ, ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ, ಲ್ಯಾಬಿನವರು ಹೇಳಬೇಕು ಎಂದರು. ಉಟ್ಟ ಹೊಸ ಸೀರೆ ಬಿಚ್ಚಿ, ಆಸ್ಪತ್ರೆಯ ಅಂಗಿ ತೊಡಿಸಿ, ತಲೆಯ ಕಡೆ ಎತ್ತರಿಸಿ ಮತ್ತೆ ಮಲಗಿಸಿದರು.

"ನಾನೇನ್ ತಪ್ಪು ಮಾಡ್ದೆ?" ಎಂದು ಅಕ್ಕ ಕೇಳಿದಳು. "ದೇವ್ರಂತೋನ್ಗೆ ಕೈಮುಗುದ್ರೆ ತಪ್ಪಾ?"

"ಇಲ್ಲ ಕಣಕ್ಕ" ಎಂದೆ. ನಾನು ಸರಿಸಿದ ಕುರ್ಚಿಯನ್ನು ಮತ್ತೆ ಇದ್ದ ಜಾಗಕ್ಕೇ ಎಳೆದು ಇಟ್ಟೆ.

ಮತ್ರಾ ಸಮುದ್ರದಂಡೆ

ಲ್ಯಾಬಿನ ಉತ್ತರ ಬರುವವರೆಗೆ ನಾನು ಮನುಷ್ಯನಂತಿರಲಿಲ್ಲ. ಅಕ್ಕ ಮೂಗು ಎಳೆದರೆ ಎದ್ದು ನಿಲ್ಲುತ್ತಿದ್ದೆ. ದಿಂಬಿನ ಮೇಲೆ ಒದ್ದೆ ಕಲೆ ಇದೆಯೇ ಎಂದು ಅಂಗೈಯಿಂದ ಸವರುತ್ತಿದ್ದೆ. ನನ್ನ ಬೆವರೇ ಅಂಟಿ ಒದ್ದೆಯಾದದ್ದನ್ನು ನೋಡಿ ಒಮ್ಮೆ ಶೀಬಾರನ್ನು ಕೂಗಿ ಕರೆದೂಬಿಟ್ಟೆ. ಅವ್ವ ಫೋನು ಮಾಡಿದಾಗ, ಇನ್ನೆರಡು ದಿನ ಇಲ್ಲೇ ಇರಿಸಿಕೊಳ್ಳುತ್ತಾರಂತೆ, ಊಟ ಚೆನ್ನಾಗಿದೆ ಎಂದೆ. "ಊಟ ಕೇಳಿದ್ನಾ ನಾನು?" ಎಂದು ಅವಳು ಫೋನು ಇಟ್ಟಳು.

ರೀನಾ ಚೇಚಿ ನನ್ನ ಅವಸ್ಥೆ ನೋಡಲಾರದೆ, ಸಂಜೆ ಸ್ವಲ್ಪ ಗಾಳಿಗೆ ಬನ್ನಿ ಎಂದು ಮತ್ರಾ ಸಮುದ್ರದಂಡೆಗೆ ಕರೆದುಕೊಂಡು ಹೋದರು. ಉದ್ದಕ್ಕೂ ಕಲ್ಲು ಹಾಸಿದ ದಂಡೆ, ನಿಂತ ಹಡಗುಗಳು, ಹಿಂದೆ ಬೋಳು ಬೆಟ್ಟ, ಧೂಪದ ಪರಿಮಳದ ಅಂಗಡಿ ಬೀದಿ. ಪ್ರವಾಸ ಹೋದವರು ಇಂಥದ್ದನ್ನೇ ಬರೆಯಬೇಕು. ನನಗೆ ನೆನಪಿರುವುದು ಇಷ್ಟೇ: ಅಷ್ಟು ನೀರು ಎದುರಿಗಿತ್ತು, ನಾನು ಮೂರು ತೊಟ್ಟಿನ ಚಿಂತೆಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಕಾಫಿ ಅಜ್ಜ ಎದುರಾದರು. ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಮನೆಗೆ ಹೊರಟಿದ್ದರು. ನಿಮ್ಮವರು ಹೇಗಿದ್ದಾರೆ ಎಂದು ಹುಬ್ಬಿನಲ್ಲೇ ಕೇಳಿದರು. ಗೊತ್ತಿಲ್ಲ ಎಂದು ಕೈ ತಿರುವಿದೆ. ಅವರು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ನೆಟ್ಟಗೆ ನಿಂತು, ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಊರಲ್ಲಿ ನೆಂಟರು ಹೆಗಲ ಮೇಲೆ ಕೈ ಹಾಕಿದಾಗ ಆಗುವ ಸಮಾಧಾನ ನನಗಾಯಿತು.

ಸ್ವಲ್ಪ ಹೊತ್ತಿಗೆ ಡಾಕ್ಟರು ತಾವೇ ನಡೆದು ಬಂದರು. ಉಪ್ಪುನೀರೇ. ಕ್ಯಾಮೆರಾ ಹಾಕಿ ಮತ್ತೊಮ್ಮೆ ನೋಡಿದ್ದಾಯಿತು, ಮುಚ್ಚಳ ಅಲ್ಲಾಡಿಲ್ಲ. ಅಕ್ಕ ಎಲ್ಲಿಲ್ಲದ ಸಂತೋಷದಿಂದ ಮಂಚ ಇಳಿದು, ಆಸ್ಪತ್ರೆ ಅಂಗಿಯ ಮೇಲೆ ಇಲ್ಲದ ಸೆರಗು ಹೊದೆಯಲು ಕೈ ಹಾಕಿದಳು. ಮೂರು ಜನ ಒಟ್ಟಿಗೆ "ಹೋಲ್ಡಾನ್" ಎಂದೆವು. ಮೂರನೆಯ ದನಿ ಡಾಕ್ಟರದು.

ಅವರು ಶೀಬಾ ಮೂಲಕ ಅಕ್ಕನಿಗೆ ಹೇಳಿದರು: "ನಮ್ಮಲ್ಲಿ ಮನುಷ್ಯನಿಗೆ ಮನುಷ್ಯ ಬಗ್ಗುವುದಿಲ್ಲ, ಅಮ್ಮ. ಹೀಗೆ ಮಾಡಿ, ಸಾಕು." ತಮ್ಮ ಬಲಗೈಯನ್ನು ಎದೆಯ ಮೇಲಿಟ್ಟು ತೋರಿಸಿದರು. ಅಕ್ಕ ನಾಚಿಕೊಂಡು, ತಾನೂ ಕೈಯನ್ನು ಎದೆಯ ಮೇಲಿಟ್ಟಳು. ಇಷ್ಟು ಸುಲಭದ ನಮಸ್ಕಾರ ಫಲ ಕೊಡುತ್ತದೋ ಇಲ್ಲವೋ ಎಂಬ ಅನುಮಾನ ಅವಳ ಮುಖದಲ್ಲಿ ಸ್ಪಷ್ಟವಾಗಿತ್ತು.

ವಾಪಸು

ತಲೆಯೊಳಗೆ ಗಾಳಿ ಉಳಿದಿದ್ದರೆ ವಿಮಾನ ಮೇಲೆ ಹೋದಾಗ ಹಿಗ್ಗುತ್ತದೆಯಂತೆ. ಹಾಗಾಗಿ ಕೆಲವು ವಾರ ರೀನಾ ಚೇಚಿಯ ಮನೆಯಲ್ಲೇ ಇದ್ದು, ಮತ್ತೊಮ್ಮೆ ಸ್ಕ್ಯಾನು ಆಗಿ, ಡಾಕ್ಟರು ಹೂಂ ಎಂದ ಮೇಲೆಯೇ ಹೊರಟೆವು. ಬಗ್ಗುವುದಕ್ಕೆ ಮಾತ್ರ ಇನ್ನೂ ಅಪ್ಪಣೆ ಇರಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಬಲಪಕ್ಕ ಸ್ವಲ್ಪ ತಿಳಿಯಾಗಿತ್ತು. ಎಡಪಕ್ಕ ಹಾಗೇ ಇತ್ತು. ಕಾಯಬೇಕು, ಎಂದಿದ್ದರು. ನಾನು ಕಾಯುವವನಂತೆ ಕಾಯದೆ, ಅಡುಗೆಮನೆಯಲ್ಲಿ, ಮೆಟ್ಟಿಲಲ್ಲಿ, ಕಾರಿನಲ್ಲಿ, ಅವಳ ಎಡಕ್ಕೆ ಸರಿದು ಎರಡು ಬೆರಳು ಎತ್ತುವುದು, ಇಳಿಸುವುದು ಮಾಡುತ್ತಲೇ ಇದ್ದೆ. ಅವಳಿಗೆ ಇದೊಂದೂ ಗೊತ್ತಿರಲಿಲ್ಲ.

ವಿಮಾನದಲ್ಲಿ ಅಕ್ಕನಿಗೆ ಸೀನು ಬಂತು. ಹೇಳಿಕೊಟ್ಟಂತೆ ಬಾಯಿ ಅಗಲಿಸಿ, ಹೊಲದಲ್ಲಿ ಹಂದಿ ಓಡಿಸುವವಳ ಹಾಗೆ "ಹಾಆಆಛೀ" ಎಂದಳು. ಮುಂದಿನ ಸಾಲಿನ ಮಗು ಕಿಟಾರನೆ ಅತ್ತಿತು. ನಾನು ಅವಳ ಮೂಗಿನ ಕೆಳಗೆ ಅಂಗೈ ಹಿಡಿದೆ. ಒಣಗಿತ್ತು. ಇಳಿಯುವವರೆಗೂ ಆ ಅಂಗೈಯನ್ನು ನೋಡಿಕೊಳ್ಳುತ್ತಲೇ ಇದ್ದೆ.

ಭೀಮನಬೀಡು

ಗುಂಡ್ಲುಪೇಟೆಯಿಂದ ಆಟೊದಲ್ಲಿ ಬಂದೆವು. ದಾರಿಯ ಎರಡೂ ಕಡೆ ಚೆಂಡು ಹೂವಿನ ಹೊಲ ಬಿರಿದಿತ್ತು. ಅಕ್ಕ ನೇರ ಮುಂದೆ ನೋಡುತ್ತಾ ಕೂತಿದ್ದಳು. ಚೆನ್ನಾಗಿದೆ ಅಲ್ವಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ವರ್ಷದ ಮೇಲೆ ಬಂದ ಮಗಳು ಕಾಲಿಗೆ ಬೀಳುತ್ತಾಳೆ, ಹಿಡಿದು ಎತ್ತಬೇಕು ಎಂದು ಎರಡೂ ಕೈ ಮುಂದೆ ಚಾಚಿ ಸಿದ್ಧವಾಗಿದ್ದಳು. ಅಕ್ಕನ ಮೈ ತಾನಾಗಿಯೇ ಮುಂದಕ್ಕೆ ವಾಲಿತು. ನಾನು ಬಾಯಿ ತೆರೆಯುವ ಮುಂಚೆ ಅವಳೇ ತಡೆದುಕೊಂಡಳು. ನೆಟ್ಟಗೆ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟಳು.

ಅವ್ವ ಗಾಬರಿಯಾದಳು. "ಯಾಕವ್ವಾ, ಎದೆ ನೋಯ್ತದಾ? ಲೋ, ಮೂಗು ಅಂದ್ಯಲ್ಲೋ, ಎದೆಗೂ ಕುಯ್ದವ್ರಾ?"

"ಇಲ್ಲ ಕಣವ್ವ, ಇದು ನಮಸ್ಕಾರ. ಅಲ್ಲೋರ್ದು" ಎಂದಳು ಅಕ್ಕ.

"ನಮ್ಮದೇನಾಗಿತ್ತು?" ಎಂದು ಅವ್ವ ಗೊಣಗಿದಳು. ಆಮೇಲೆ, ಬಗ್ಗಬಾರದ ಮಗಳನ್ನು ತಾನೇ ಮುಂದೆ ಬಂದು ಅಪ್ಪಿಕೊಂಡಳು. ಅವ್ವನ ತಲೆ ಅಕ್ಕನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಇಬ್ಬರೂ ಹಾಗೇ ನಿಂತರು.

ನಾನು ಚೀಲ ಕೆಳಗಿಟ್ಟು ಅಕ್ಕನ ಎಡಕ್ಕೆ ಸರಿದೆ. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಇಷ್ಟು ದಿನದ ಅಭ್ಯಾಸಕ್ಕೆ, ಏನೂ ಆಗುವುದಿಲ್ಲ ಎಂದು ತಿಳಿದೇ, ಎರಡು ಬೆರಳು ಎತ್ತಿದೆ.

ಅಕ್ಕ ಅವ್ವನ ತಲೆಯ ಮೇಲಿನಿಂದ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಕತ್ತು ತಿರುಗಿಸಲಿಲ್ಲ.

"ಎರಡು ಕಣ್ಲಾ," ಎಂದಳು. "ಇಳಿಸು ಕೈಯ."

ಅವ್ವ ಅವಳ ಸೆರಗಿನಿಂದ ಮುಖ ಎತ್ತಿದಳು. "ಏನ್ಲಾ ಎರಡು?"

"ಕಣ್ಣು ಕಣವ್ವ," ಎಂದೆ. "ಎರಡ್ನೂ ಕರ್ಕಂಡು ಬಂದಿವ್ನಿ."